ಹಾಜರಿಯಲ್ಲಿ ಹೆಸರುಂಟು, ಬೆಂಚಿನಲ್ಲಿ ಮಗುವಿಲ್ಲ

ಬಳ್ಳಾರಿಗೆ ಗಣಿಯಿಂದ ಹೆಸರು ಬಂತು, ಬಿಸಿಲಿನಿಂದಲೂ ಬಂತು. ಮನೋವೈದ್ಯಶಾಸ್ತ್ರ ಓದುವವರಿಗೆ ಗೊತ್ತಿರುವ ಬಳ್ಳಾರಿ ಇವೆರಡಕ್ಕೂ ಸಂಬಂಧಿಸಿದ್ದಲ್ಲ. ಅವರು ‘ಬಳ್ಳಾರಿ ಮಾದರಿ’ ಎಂಬುದೊಂದನ್ನು ಓದಿಯೇ ಪರೀಕ್ಷೆಗೆ ಹೋಗಬೇಕು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆ ಸೇರಿ, ಸುಮಾರು 20 ಲಕ್ಷ ಜನರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗಕ್ಕೆ ಕೈ ಹಾಕಿದವು. ನಾನಿಲ್ಲಿ ಹೇಳಹೊರಟಿರುವ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ನಾಲ್ಕೂ ಆಗ ಆ ಜಿಲ್ಲೆಯ ತಾಲ್ಲೂಕುಗಳೇ. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿಗೆ ಸೇರಿತ್ತು.

ಅಲ್ಲಿಯವರೆಗೆ ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಕೀಲಿಕೈ ಹಿಡಿಸುವುದು, ಮೂಗಿಗೆ ಈರುಳ್ಳಿ ಒಡ್ಡುವುದು, ಬುದ್ಧಿ ಸ್ಥಿಮಿತ ತಪ್ಪಿದವರನ್ನು ಗುಡಿಗೋ ದರ್ಗಾಕ್ಕೋ ಕರೆದೊಯ್ಯುವುದು, ಹೆಚ್ಚಾದರೆ ಮನೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕುವುದು, ಇಷ್ಟೇ ನಡೆಯುತ್ತಿತ್ತು. ಕೈಯಲ್ಲಿ ನಾಲ್ಕು ಕಾಸಿದ್ದವರು ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗುತ್ತಿದ್ದರು. ನಿಮ್ಹಾನ್ಸ್‌ನವರು ಈ ದಾರಿಯನ್ನು ತಿರುಗಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಕಾಯಿಲೆಯ ಲಕ್ಷಣ ಗುರುತಿಸುವುದನ್ನು ಕಲಿಸಿದರು. ತೀರಾ ಅಗತ್ಯವಾದ ಕೆಲವೇ ಔಷಧಿಗಳು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಿಗುವಂತೆ ಮಾಡಿದರು. ಯಾರು ಬಂದರು, ಯಾರು ಮಾತ್ರೆ ಬಿಟ್ಟರು ಎಂಬ ಲೆಕ್ಕ ಇಡಿಸಿದರು. ತಜ್ಞ ವೈದ್ಯರು ಊರೂರಿಗೆ ಇರಲಿಲ್ಲ, ಇರುವುದೂ ಸಾಧ್ಯವಿರಲಿಲ್ಲ. ಇದ್ದ ಸಿಬ್ಬಂದಿಯೇ ಕೆಲಸ ಮಾಡಿದರು. ಪ್ರಯೋಗ 1990ರವರೆಗೆ ನಡೆಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೊದಲು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿದಾಗ ಎದುರಿಗಿಟ್ಟುಕೊಂಡದ್ದು ಇದೇ ನಕಾಶೆಯನ್ನು.

ನಾನು ಬರೆಯಲು ಕೂತದ್ದು ಅಂಗವಿಕಲ ಮಕ್ಕಳ ಶಾಲೆಯ ಬಗ್ಗೆ, ಅವರ ಊರ ಬದುಕಿನ ಬಗ್ಗೆ. ಹಾಗಿದ್ದೂ ಹಳೆಯ ಕತೆ ತೆಗೆದದ್ದಕ್ಕೆ ಕಾರಣವಿದೆ. ‘ನಮ್ಮದು ಹಿಂದುಳಿದ ಭಾಗ, ಇಲ್ಲಿ ಇದೆಲ್ಲ ಆಗೋ ಮಾತಲ್ಲ’ ಎನ್ನುವುದು ಈ ಐದು ತಾಲ್ಲೂಕುಗಳ ಕಚೇರಿಗಳಲ್ಲಿ ತೀರಾ ಸವೆದುಹೋದ ಮಾತು. ದೇಶಕ್ಕೇ ಮಾದರಿಯಾದ ಕೆಲಸವೊಂದು ಆಗಿದ್ದೇ ಈ ಹಿಂದುಳಿದ ಭಾಗದಲ್ಲಿ. ಮನುಷ್ಯನನ್ನು ಸೌಲಭ್ಯದ ಕಡೆ ಓಡಿಸಬೇಡಿ, ಸೌಲಭ್ಯವನ್ನು ಮನುಷ್ಯನಿರುವ ಊರಿಗೆ ತನ್ನಿ ಎನ್ನುವುದು ಅದರ ತಿರುಳು. ನಾಲ್ಕು ದಶಕಗಳ ಹಿಂದೆ ಮೂರ್ಛೆರೋಗಕ್ಕೆ ಸಾಧ್ಯವಾದದ್ದು ಇವತ್ತು ಕಾಲಿನ ಬಲವಿಲ್ಲದ ಮಗುವಿನ ನಾಲ್ಕನೇ ತರಗತಿಗೆ ಯಾಕೆ ಸಾಧ್ಯವಾಗುತ್ತಿಲ್ಲ?

ಈಗಲೂ ನಮ್ಮ ಸಾಧಕರ ಕತೆಗಳೆಲ್ಲ ಊರು ಬಿಟ್ಟ ಕತೆಗಳೇ. ಬಳ್ಳಾರಿ ಬಳಿಯ ಚೇಳ್ಳಗುರ್ಕಿಯ ಅಶ್ವಿನಿ ಅಂಗಡಿ ಹುಟ್ಟಿನಿಂದ ದೃಷ್ಟಿ ಇಲ್ಲದವರು. 2013ರಲ್ಲಿ ವಿಶ್ವಸಂಸ್ಥೆಯ ಜಾಗತಿಕ ಶಿಕ್ಷಣ ರಾಯಭಾರಿಯ ಹೆಸರಿನ ಯುವ ಧೈರ್ಯ ಪ್ರಶಸ್ತಿ ಅವರಿಗೆ ಬಂತು. ಅವರು ಓದಿದ್ದು ಬೆಂಗಳೂರಿನ ರಮಣ ಮಹರ್ಷಿ ಅಂಧರ ಅಕಾಡೆಮಿಯಲ್ಲಿ. ಆ ಸಂಸ್ಥೆಗಳ ಋಣ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆರು ವರ್ಷದ ಕೂಸನ್ನು ಮುನ್ನೂರು ಕಿಲೋಮೀಟರ್ ಆಚೆಯ ಹಾಸ್ಟೆಲಿನಲ್ಲಿ ಬಿಟ್ಟು ಬರಲು ಎಷ್ಟು ಜನ ತಾಯಂದಿರಿಗೆ ಮನಸ್ಸು ಬಂದೀತು? ಬರದಿದ್ದವರ ಮಕ್ಕಳು ಜಗುಲಿಯ ಮೇಲೆಯೇ ಉಳಿದರು. ಅವರ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ.

ಕಾಗದದ ಮೇಲೆ ನಮಗೆ ಕೊರತೆ ಇಲ್ಲ. 1994ರಲ್ಲಿ ಸ್ಪೇನಿನ ಸಲಮಾಂಕದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ, ಮಗು ಯಾವುದೇ ಇರಲಿ, ಊರಿನ ಸಾಮಾನ್ಯ ಶಾಲೆಯೇ ಅದರ ಶಾಲೆ ಎಂದು ಘೋಷಿಸಿದರು. ನಮ್ಮಲ್ಲಿ 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಕಲಿಕಾ ನ್ಯೂನತೆ, ಆಟಿಸಂ, ಮಸ್ಕ್ಯುಲರ್ ಡಿಸ್ಟ್ರೊಫಿ, ತಲಸೀಮಿಯಾ ಎಲ್ಲ ಒಳಗೆ ಬಂದವು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗೆ ಉಚಿತ ಶಿಕ್ಷಣ ಎನ್ನುತ್ತದೆ. ಶೇ 40ಕ್ಕಿಂತ ಕಡಿಮೆ ಇಲ್ಲದ ವೈಕಲ್ಯವಿದ್ದ ಮಗುವಿಗೆ 2016ರ ಕಾಯ್ದೆ ಅದನ್ನು 18ರವರೆಗೂ ಒಯ್ಯುತ್ತದೆ. ಒಂಬತ್ತನೇ ತರಗತಿಗೆ ಬಂದ ಕೂಡಲೇ ‘ಇನ್ನು ನಮ್ಮ ಜವಾಬ್ದಾರಿ ಇಲ್ಲ’ ಎನ್ನುವ ಶಾಲೆಗೆ ಇದನ್ನು ಓದಿ ಹೇಳಬೇಕು.

ಇಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ. ಸರ್ಟಿಫಿಕೇಟ್ ಇಲ್ಲದಿದ್ದರೆ, ಶೇ 40 ದಾಟದಿದ್ದರೆ ಮಗುವಿಗೆ ಯಾವ ಹಕ್ಕೂ ಇಲ್ಲ ಎಂದು ಪೋಷಕರೂ ನಂಬಿದ್ದಾರೆ, ಬಹಳ ಶಿಕ್ಷಕರೂ ನಂಬಿದ್ದಾರೆ. ಶೇ 40ರ ಗೆರೆ ಇರುವುದು ಪಿಂಚಣಿ, ಮೀಸಲಾತಿಯಂಥ ಸೌಲಭ್ಯಗಳಿಗೆ. ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು, ಕಟ್ಟಡ ಮತ್ತು ಆವರಣ ಎಲ್ಲರಿಗೂ ಎಟುಕುವಂತಿರಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಎನ್ನುವ 16ನೇ ಕಲಮಿನಲ್ಲಿ ಶೇಕಡದ ಮಾತೇ ಇಲ್ಲ. ಒಂದು ಕಿವಿ ಮಂದವಿರುವ ಹುಡುಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸಲು ಯಾವ ವೈದ್ಯರ ಮೊಹರೂ ಬೇಕಿಲ್ಲ.

ಈ ಶೇಕಡದ ಆಟ ಇನ್ನೊಂದು ರೀತಿಯಲ್ಲೂ ಮಗುವಿನ ಕುತ್ತಿಗೆಗೆ ಬರುತ್ತದೆ. ರಾಜ್ಯದ ಪಿಂಚಣಿಯಲ್ಲಿ ಶೇ 40ರಿಂದ 75ರವರೆಗಿನವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 1,400 ರೂಪಾಯಿ ಎಂದು ನಿಗದಿಯಾದಾಗಿನಿಂದ, ಬಡ ಕುಟುಂಬ ಹೆಚ್ಚು ಶೇಕಡ ಬರಲಿ ಎಂದು ಬಯಸುವುದು ಸಹಜ. 600 ರೂಪಾಯಿ ಎಂದರೆ ಮನೆಗೆ ತಿಂಗಳ ಜೋಳವಾಗುತ್ತದೆ. ಅದೇ ದೊಡ್ಡ ಶೇಕಡವನ್ನು ಶಾಲೆ ನೋಡಿದಾಗ ಹೇಳುವುದು, ‘ಇಷ್ಟು ಐತಲ್ಲ, ಮನಿಯಾಗೇ ಇರಲಿ ಬಿಡ್ರಿ, ನಾವೇ ಬಂದು ಕಲಿಸ್ತೀವಿ’ ಎಂದು.

‘ನಾವೇ ಬಂದು ಕಲಿಸ್ತೀವಿ’ ಎಂಬುದಕ್ಕೆ ಇಲಾಖೆಯ ಭಾಷೆಯಲ್ಲಿ ಗೃಹಾಧಾರಿತ ಶಿಕ್ಷಣ ಎಂದು ಹೆಸರು. ಹಾಸಿಗೆಯಿಂದ ಏಳಲಾಗದ, ಬಹುವಿಧ ವೈಕಲ್ಯವಿರುವ ಮಗುವಿಗೆ ಇದು ನಿಜಕ್ಕೂ ವರ. ಶಿಕ್ಷಣ ಹಕ್ಕು ಕಾಯ್ದೆಗೆ ಬಂದ 2012ರ ತಿದ್ದುಪಡಿ ಅದನ್ನು ಮಗುವಿನ ಆಯ್ಕೆಯಾಗಿ ಕೊಟ್ಟಿತು. ಶಾಲೆ ತನ್ನ ಅನುಕೂಲಕ್ಕೆ ಬಳಸಲಿ ಎಂದು ಕೊಡಲಿಲ್ಲ. ಮನೆಗೆ ಹೋಗಬೇಕಾದವರು ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು. ಎಲ್ಲರೂ ಕರೆಯುವುದು ಬಿಐಇಆರ್‌ಟಿ ಎಂದು. ಇಡೀ ತಾಲ್ಲೂಕಿಗೆ ಇವರು ಬೆರಳೆಣಿಕೆಯಷ್ಟು. ಕೂಡ್ಲಿಗಿಯಂಥ ಕಡೆ ಊರಿಂದ ಊರಿಗೆ ಬಸ್ಸಿಲ್ಲದ ಹಾದಿಯಲ್ಲಿ ಸ್ವಂತ ಬೈಕಿನಲ್ಲಿ ಸುತ್ತಿ, ಶಿಬಿರ ನಡೆಸಿ, ಕ್ಯಾಲಿಪರ್ ಅಳತೆಗೆ ಮಕ್ಕಳನ್ನು ಕರೆತಂದು, ಆನ್‌ಲೈನ್ ಮಾಹಿತಿ ತುಂಬಿ, ಉಳಿದ ಹೊತ್ತಿನಲ್ಲಿ ಒಂದು ಮನೆಗೆ ಹೋದರೆ ಅದೇ ದೊಡ್ಡದು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಪ್ರೌಢ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರಲ್ಲಿ. ಹುದ್ದೆಗಳನ್ನೇ ಸೃಷ್ಟಿಸದೆ ಕೂತ ರಾಜ್ಯಗಳಿಗೆ 2025ರ ಮಾರ್ಚ್‌ನಲ್ಲಿ ಮತ್ತೊಮ್ಮೆ ಗಡುವು ಕೊಡಬೇಕಾಯಿತು. ಅಷ್ಟರೊಳಗೆ 2021ರಲ್ಲಿ ಒಂದನೇ ತರಗತಿಗೆ ಸೇರಿದ್ದ ಮಗುವಿನ ನಾಲ್ಕು ವರ್ಷಗಳು ಕಳೆದುಹೋಗಿದ್ದವು.

ಇನ್ನು ಶಾಲೆಗೇ ಬರುವ ಮಕ್ಕಳ ಮಾತು. ಜೂನ್ ತಿಂಗಳ ದಾಖಲಾತಿ ಆಂದೋಲನದಲ್ಲಿ ಹೆಸರು ಬರೆಯಲಾಗುತ್ತದೆ. ಮುಂದೆ ವರ್ಷ ವರ್ಷವೂ ಹೆಸರು ಒಂದೊಂದು ತರಗತಿ ಮೇಲೆ ಹೋಗುತ್ತದೆ. ಮಗು ಹೋಗುವುದಿಲ್ಲ. ಯಾಕೆ ಎಂದು ಹುಡುಕಿದರೆ ಸಿಗುವ ಕಾರಣಗಳು ತೀರಾ ಸಣ್ಣವು. ಟೇಪು ಹಿಡಿದು ಅಳೆಯಬಹುದಾದಂಥವು.

ಇಳಿಜಾರನ್ನೇ ತೆಗೆದುಕೊಳ್ಳಿ. ಗಾಲಿಕುರ್ಚಿಯ ದಾರಿಗೆ ನಿಯಮ ಸರಳ: ಎತ್ತರ ಒಂದು ಅಡಿ ಇದ್ದರೆ ಉದ್ದ 12 ಅಡಿ. ಶಾಲೆಯ ಜಗುಲಿ ನೆಲದಿಂದ ಎರಡಡಿ ಮೇಲಿದ್ದರೆ ಇಳಿಜಾರು 24 ಅಡಿ ಚಾಚಬೇಕು. ನಮ್ಮ ಹಳ್ಳಿ ಶಾಲೆಗಳಲ್ಲಿ ಕಾಣುವ ಇಳಿಜಾರು ಏಳೆಂಟು ಅಡಿಗೇ ಮುಗಿದಿರುತ್ತದೆ. ಅದರ ಮೇಲೆ ಗಾಲಿಕುರ್ಚಿ ಏರಿಸಲು ಇಬ್ಬರು ಕಸುವುಳ್ಳ ಗಂಡಸರು ಬೇಕು. ಇಳಿಸುವಾಗ ಕೈ ಜಾರಿದರೆ ಮಗು ಸೀದಾ ಧ್ವಜಕಟ್ಟೆಗೆ. ಪಕ್ಕದಲ್ಲಿ ಹಿಡಿಕೆಯ ಕಂಬಿ ಇರುವುದಿಲ್ಲ, ಇದ್ದರೂ ಒಂದೇ ಕಡೆ. ಬುಡದ ಮಣ್ಣು ಮಳೆಗೆ ಕೊಚ್ಚಿಹೋಗಿ ಅಲ್ಲೊಂದು ಅರ್ಧ ಅಡಿಯ ಮೆಟ್ಟಿಲು ತಾನಾಗಿ ಹುಟ್ಟಿಕೊಂಡಿರುತ್ತದೆ. ಉಳಿದ ಹುಡುಗರು ಅದನ್ನು ಜಾರುಬಂಡೆ ಮಾಡಿಕೊಂಡಿರುತ್ತಾರೆ, ಆ ಮಟ್ಟಿಗೆ ಉಪಯೋಗವಿದೆ. ಬಿಲ್ಲಿನಲ್ಲಿ ಮಾತ್ರ ‘ರ‍್ಯಾಂಪ್’ ಎಂದು ಬರೆದಾಗಿರುತ್ತದೆ, ಲೆಕ್ಕಪತ್ರಕ್ಕೆ ಅಷ್ಟು ಸಾಕು.

24 ಅಡಿಗೆ ಜಾಗ ಎಲ್ಲಿದೆ ಎಂದು ಎಂಜಿನಿಯರುಗಳು ಕೇಳುತ್ತಾರೆ. ನೇರ ಹೋಗಬೇಕೆಂದೇನೂ ಇಲ್ಲ, ಗೋಡೆಗುಂಟ ತಿರುಗಿಸಬಹುದು, ನಡುವೆ ಸಮತಟ್ಟು ಕೊಡಬಹುದು. ಹೊಸ ಕೊಠಡಿಯಾದರೆ ಜಗುಲಿಯ ಎತ್ತರವನ್ನೇ ಇಳಿಸಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಈ ತಾಲ್ಲೂಕುಗಳಲ್ಲಿ ಶಾಲಾ ಕೊಠಡಿಗಳು ಏಳುತ್ತಲೇ ಇವೆ. ಅಂದಾಜು ಪಟ್ಟಿಯಲ್ಲಿ ಒಂದು ಸಾಲು ಸರಿಯಾಗಿ ಬರೆದರೆ ಕೆಲಸ ಮುಗಿಯಿತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮಾವಳಿ ಬಂದ ಐದು ವರ್ಷಗಳೊಳಗೆ ಸರಿಪಡಿಸಬೇಕು ಎಂದು 2016ರ ಕಾಯ್ದೆ ಹೇಳಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿಯಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಈ ಅಳತೆಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳನ್ನು ರೂಪಿಸಿ ಎಂದು ಕೇಂದ್ರಕ್ಕೆ ಹೇಳಿದೆ.

ಶೌಚಾಲಯದ ಕತೆ ಇದಕ್ಕಿಂತ ಕಷ್ಟದ್ದು. ಬಾಗಿಲು ಮೂರು ಅಡಿ ಅಗಲವಿರಬೇಕು, ಹೊರಗೆ ತೆರೆಯಬೇಕು, ಒಳಗೆ ಗಾಲಿಕುರ್ಚಿ ತಿರುಗುವಷ್ಟು ಜಾಗ ಬೇಕು, ಎದ್ದು ಕೂರಲು ಗೋಡೆಗೆ ಕಂಬಿ ಬೇಕು. ‘ವಿಶೇಷ ಅಗತ್ಯವುಳ್ಳ ಮಕ್ಕಳ ಶೌಚಾಲಯ’ ಎಂದು ನೀಲಿ ಬಣ್ಣದಲ್ಲಿ ಬರೆದ ಕೋಣೆಗಳು ಇವೆ. ಬೀಗ ತೆಗೆಸಿ ನೋಡಿದರೆ ಒಳಗೆ ಮುರಿದ ಬೆಂಚು, ಪೊರಕೆ, ಚುನಾವಣೆಗೆ ತಂದು ಉಳಿದ ಸಾಮಾನು. ಕಾಲಿನ ಬಲವಿಲ್ಲದ ಹುಡುಗಿ ಬೆಳಿಗ್ಗೆ ಒಂಬತ್ತೂವರೆಗೆ ಶಾಲೆಗೆ ಬಂದವಳು ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಬಿಸಿಯೂಟದ ಸಾರು ಖಾರವಿದ್ದರೆ ಬರೀ ಅನ್ನ ತಿನ್ನುತ್ತಾಳೆ. ಮೈ ನೆರೆದ ಮೇಲೆ ತಾಯಿಯೇ ‘ಸಾಕು ಬಿಡವ್ವ’ ಎನ್ನುತ್ತಾಳೆ. ಇಲಾಖೆಯ ದಾಖಲೆಯಲ್ಲಿ ಇದಕ್ಕೆ ‘ಪೋಷಕರ ನಿರಾಸಕ್ತಿ’ ಎಂಬ ಕಾರಣ ದಾಖಲಾಗುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ವಿದ್ಯಾರ್ಥಿವೇತನವಿದೆ. ಅದಕ್ಕಿಂತ ಮೊದಲು ಬೇಕಾದ್ದು ಆ ಬೀಗದ ಕೈ.

ಕಣ್ಣಿಗೆ ಕಾಣುವ ವೈಕಲ್ಯಕ್ಕೆ ಕನಿಕರವಾದರೂ ಸಿಗುತ್ತದೆ. ಕಿವಿ ಕೇಳದ ಮಗು ತರಗತಿಯಲ್ಲಿ ಎಲ್ಲರಿಗಿಂತ ಒಳ್ಳೆಯ ವಿದ್ಯಾರ್ಥಿಯಂತೆ ಕಾಣುತ್ತದೆ: ಗಲಾಟೆ ಇಲ್ಲ, ಅಕ್ಷರ ದುಂಡು. ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ ಮಾತಾಡುತ್ತಾರೆ. ಅವರ ತುಟಿ ಕಾಣದ ಹುಡುಗ ಪಕ್ಕದವನ ನೋಟ್‌ಬುಕ್ಕು ನೋಡಿ ಅಕ್ಷರ ತಪ್ಪದೆ ಇಳಿಸಿಕೊಳ್ಳುತ್ತಾನೆ. ಐದನೇ ತರಗತಿಗೆ ಬಂದಾಗ ಅವನು ಬರೆದದ್ದನ್ನು ತೋರಿಸಿ ಇದರ ಅರ್ಥವೇನು ಎಂದು ಸನ್ನೆಯಲ್ಲಿ ಕೇಳಿ ನೋಡಿ, ಸುಮ್ಮನೆ ನಗುತ್ತಾನೆ. ಮನೆಯಲ್ಲಿ ಅವನಿಗೆ ಭಾಷೆ ಇದೆ. ಮೂಗುತಿಯ ಜಾಗ ಮುಟ್ಟಿದರೆ ಅವ್ವ, ಮೀಸೆ ತಿರುವಿದರೆ ಅಪ್ಪ, ಎರಡೂ ಕೈ ಕೋಡು ಮಾಡಿದರೆ ಎತ್ತು. ಈ ಮನೆಸನ್ನೆಯಿಂದ ಗಣಿತದ ದಶಮಾಂಶಕ್ಕೆ ಸೇತುವೆ ಕಟ್ಟಬಲ್ಲದ್ದು ಭಾರತೀಯ ಸಂಜ್ಞಾ ಭಾಷೆ. ಅದಕ್ಕೆಂದೇ ದೆಹಲಿಯಲ್ಲಿ 2015ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು, 2020ರ ಶಿಕ್ಷಣ ನೀತಿಯೂ ಅದನ್ನು ಹೇಳಿತು. ಹಳ್ಳಿ ಶಾಲೆಯ ಮಟ್ಟಿಗೆ ಅದು ಇನ್ನೂ ದೂರದ ಮಾತು. ಮೇಷ್ಟ್ರು ಮಕ್ಕಳ ಕಡೆ ತಿರುಗಿ ಮಾತಾಡುವುದಕ್ಕೆ ಮಾತ್ರ ಯಾವ ನೀತಿಯೂ ಬೇಕಿಲ್ಲ.

ಎಸ್ಸೆಸ್ಸೆಲ್ಸಿ ತನಕ ಬಂದವರಿಗೂ ಒಂದು ವಿಷಯ ಗೊತ್ತಿರುವುದಿಲ್ಲ. ಅಂಗವಿಕಲ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಸಮಯವಿದೆ, ಬರೆಯಲಾಗದವರಿಗೆ ಲಿಪಿಕಾರರ ನೆರವಿದೆ, ಗಣಿತ ಮತ್ತು ವಿಜ್ಞಾನದ ಬದಲು ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಸಂಗೀತದಂಥ ವಿಷಯ ಆರಿಸಿಕೊಳ್ಳುವ ಅವಕಾಶವಿದೆ. ಇದನ್ನೆಲ್ಲ ಪರೀಕ್ಷೆಗೆ ಅರ್ಜಿ ತುಂಬುವಾಗಲೇ ಮುಖ್ಯ ಶಿಕ್ಷಕರ ಮೂಲಕ ಕೇಳಬೇಕು. ಪರೀಕ್ಷೆಯ ಹಿಂದಿನ ದಿನ ಬಿಇಒ ಕಚೇರಿಯ ಮುಂದೆ ನಿಂತರೆ ಯಾರೂ ಏನೂ ಮಾಡಲಾರರು. ಹತ್ತನೇ ತರಗತಿಯಲ್ಲಿ ಮಗುವಿರುವವರು ಇದೊಂದನ್ನು ಗುರುತು ಹಾಕಿಕೊಳ್ಳಬೇಕು.

ಈ ಭಾಗದ ಇನ್ನೊಂದು ಸಂಕಟ ಗುಳೆ. ದೀಪಾವಳಿ ಕಳೆಯುತ್ತಲೇ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ತಾಂಡಾಗಳು ಅರ್ಧ ಖಾಲಿಯಾಗುತ್ತವೆ. ಕೆಲವರು ಕಬ್ಬು ಕಡಿಯಲು, ಕೆಲವರು ಕಾಫಿ ತೋಟಕ್ಕೆ, ಇನ್ನು ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ನಡೆಯಬಲ್ಲ ಮಕ್ಕಳನ್ನು ಜೊತೆಗೆ ಕರೆದೊಯ್ಯುತ್ತಾರೆ ಅಥವಾ ಹಂಗಾಮಿ ಹಾಸ್ಟೆಲಿಗೆ ಸೇರಿಸುತ್ತಾರೆ. ಬುದ್ಧಿಮಾಂದ್ಯ ಮಗು, ಸ್ನಾನ-ಸಂಡಾಸಿಗೆ ಆಸರೆ ಬೇಕಾದ ಮಗು ಅಜ್ಜಿಯ ಪಾಲಿಗೆ. ಅಜ್ಜಿಗೆ ತನ್ನ ಮೊಣಕಾಲೇ ಸ್ವಾಧೀನವಿರುವುದಿಲ್ಲ. ಅವಳು ಮಗುವನ್ನು ಎತ್ತಿಕೊಂಡು ಶಾಲೆಗೆ ಬಿಟ್ಟುಬರುವುದೆಲ್ಲಿಂದ ಬಂತು? ಹಂಗಾಮಿ ಹಾಸ್ಟೆಲು ಈ ಮಕ್ಕಳನ್ನೂ ತೆಗೆದುಕೊಳ್ಳಬೇಕು, ಅವರಿಗೆಂದು ಒಬ್ಬ ಆಯಾ ಇರಬೇಕು ಎಂದು ಯಾವ ಸಭೆಯಲ್ಲೂ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಶಾಲೆಯ ಹೊರಗೆ ಬಂದರೆ ನಮ್ಮ ಊರುಗಳ ಲೆಕ್ಕಾಚಾರ ವಿಚಿತ್ರ. ಹೊಳೆ ದಾಟಿದರೆ ಗದಗ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು, ಸಾವಿರಾರು ಅಂಧ ಮತ್ತು ಅನಾಥ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟರು. ಶ್ರಾವಣ ಮಾಸದಲ್ಲಿ ಮಠಗಳ ಪುರಾಣ ಪ್ರವಚನಕ್ಕೆ ಗವಾಯಿಗಳು ಬಂದರೆ ಊರೇ ಎದುರುಗೊಳ್ಳುತ್ತದೆ, ಕೈ ಹಿಡಿದು ವೇದಿಕೆಗೆ ಹತ್ತಿಸುತ್ತದೆ. ಅದೇ ಊರಿನಲ್ಲಿ ಹಾಡಲು ಬಾರದ ಕುರುಡು ಹುಡುಗಿಗೆ ಏನು ಜಾಗವಿದೆ? ಪ್ರತಿಭೆ ಇದ್ದವರಿಗೆ ಶಾಲು, ಇಲ್ಲದವರಿಗೆ ಮೂಲೆ. ಕೊಟ್ಟೂರೇಶ್ವರನ ತೇರಿಗೆ, ಮೈಲಾರದ ಕಾರಣಿಕಕ್ಕೆ ಸೇರುವ ಲಕ್ಷಾಂತರ ಜನರ ನಡುವೆ ಅಂಗವಿಕಲರಿಗೆ ನಾವು ಗೊತ್ತುಮಾಡಿಕೊಟ್ಟ ಜಾಗವೆಂದರೆ ದಾರಿಯ ಬದಿಯಲ್ಲಿ ಹಾಸಿದ ಟವೆಲ್ಲು. ತೇರು ನೋಡಲು ಬಂದ ಭಕ್ತರೂ ಅವರಲ್ಲಿದ್ದಾರೆ, ಅವರಿಗೂ ನಿಂತು ಕೈ ಮುಗಿಯಲು ಒಂದು ಕಟ್ಟೆ ಬೇಕು ಎಂಬುದು ಜಾತ್ರೆಯ ಪೂರ್ವಭಾವಿ ಸಭೆಗಳಲ್ಲಿ ಬರುವುದೇ ಅಪರೂಪ. ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಯ ವೇದಿಕೆಗೂ ನಾಲ್ಕು ಮೆಟ್ಟಿಲು ಇಟ್ಟು, ಸನ್ಮಾನಿತರನ್ನು ಎತ್ತಿ ತಂದು ಕೂರಿಸುವವರು ನಾವು.

ಎಲ್ಲವೂ ಹೀಗೇ ಇದೆ ಎಂದರೆ ಸುಳ್ಳಾಗುತ್ತದೆ. ನರೇಗಾ ಕೆಲಸ ಈ ವಿಷಯದಲ್ಲಿ ಊರಿಗೆ ಒಂದು ಪಾಠ ಹೇಳಿಕೊಟ್ಟಿತು. ಅಂಗವಿಕಲ ಕೂಲಿಕಾರರು ಅರ್ಧ ಅಳತೆಯ ಕೆಲಸ ಮಾಡಿದರೂ ಪೂರ್ತಿ ಕೂಲಿ ಎಂಬ ನಿಯಮವಿತ್ತು. ಕೆರೆ ಹೂಳೆತ್ತುವ ಜಾಗದಲ್ಲಿ ನೀರು ಕೊಡಲು, ಕೂಸುಗಳನ್ನು ನೋಡಿಕೊಳ್ಳಲು ಅವರು ಬಂದರು. ಮೊದಲು ಗೊಣಗಿದವರೂ ನಾಲ್ಕು ದಿನಕ್ಕೆ ಸುಮ್ಮನಾದರು. ಎಲ್ಲರ ಜೊತೆ ಬುತ್ತಿ ಬಿಚ್ಚಿ ಉಂಡ ಆ ಮಧ್ಯಾಹ್ನಗಳು ಹತ್ತು ಜಾಗೃತಿ ಜಾಥಾಗಳಿಗಿಂತ ಹೆಚ್ಚು ಕೆಲಸ ಮಾಡಿದವು ಎಂದೇ ನನ್ನ ಅಭಿಪ್ರಾಯ.

ಸರ್ಟಿಫಿಕೇಟಿನ ಅಲೆದಾಟ ಇನ್ನೊಂದು ಅಧ್ಯಾಯ. ಹರಪನಹಳ್ಳಿಯವರ ಪಾಡು ಕೇಳಿ. 1997ರವರೆಗೆ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಮನುಷ್ಯ ತನ್ನ ಮನೆಯ ಕಟ್ಟೆ ಬಿಟ್ಟು ಏಳಲಿಲ್ಲ, ಅವನ ಫೈಲು ಮಾತ್ರ ಮೂರು ಜಿಲ್ಲಾ ಕೇಂದ್ರಗಳನ್ನು ಸುತ್ತಿತು. ಈಗ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ದೇಶಕ್ಕೆಲ್ಲ ಒಂದೇ, ಅದು ನಿಜಕ್ಕೂ ನೆಮ್ಮದಿಯ ವಿಷಯ. ಆದರೆ ಮೂಳೆ ತಜ್ಞರಿರುವ ದಿನ ಕಿವಿ ತಜ್ಞರಿಲ್ಲ, ಬುದ್ಧಿಮಟ್ಟ ಅಳೆಯುವವರು ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಹೆತ್ತವರು ಒಂದು ದಿನದ ಕೂಲಿ ಬಿಟ್ಟು, ಮಗುವನ್ನು ಹೊತ್ತು, ಎತ್ತರದ ಮೆಟ್ಟಿಲಿನ ಬಸ್ಸು ಹತ್ತಿ ಬಂದಿರುತ್ತಾರೆ. ‘ಮುಂದಿನ ವಾರ ಬರ್ರಿ’ ಎನ್ನುವುದು ಹೇಳುವವರಿಗೆ ಮೂರು ಪದ, ಕೇಳುವವರಿಗೆ ಇನ್ನೊಂದು ದಿನದ ಕೂಲಿ. ಎಲ್ಲ ತಜ್ಞರೂ ತಿಂಗಳಿಗೊಂದು ದಿನ ಒಟ್ಟಿಗೆ ತಾಲ್ಲೂಕಿಗೆ ಬಂದು ಕೂತರೆ ಇದು ಮುಗಿಯುತ್ತದೆ. 1985ರ ಪ್ರಯೋಗ ಕಲಿಸಿದ್ದೂ ಇದನ್ನೇ.

ಊರಿನೊಳಗೆ ಈ ಕೆಲಸಕ್ಕೆ ಈಗಾಗಲೇ ಒಬ್ಬರಿದ್ದಾರೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನರ ಬಾಯಲ್ಲಿ ವಿಆರ್‌ಡಬ್ಲ್ಯೂ. ಅವರ ಮೇಲೆ ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತರು, ಎಂಆರ್‌ಡಬ್ಲ್ಯೂ. ಕರ್ನಾಟಕ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು, ಯಾಕೆಂದರೆ ಇವರು ಸ್ವತಃ ಅಂಗವಿಕಲರು, ಅದೇ ಸೀಮೆಯವರು. ಯಾವ ಮನೆಯ ಹಿಂದಿನ ಕೋಣೆಯಲ್ಲಿ ಯಾವ ಮಗುವಿದೆ ಎಂದು ಬಿಇಒ ಕಚೇರಿಗೆ ಗೊತ್ತಿಲ್ಲದಿರಬಹುದು, ಇವರಿಗೆ ಗೊತ್ತು. ಇವರಿಗೆ ಸಿಗುವುದು ಗೌರವಧನ, ಅದೂ ತಿಂಗಳುಗಟ್ಟಲೆ ಬಾಕಿ ಉಳಿದರೆ ಪ್ರತಿಭಟನೆಗೆ ಕೂರಬೇಕು. ಪಂಚಾಯಿತಿಯಲ್ಲಿ ಕೂರಲು ಕುರ್ಚಿ ಕೊಟ್ಟರೆ ಜೊತೆಗೆ ತೆರಿಗೆ ವಸೂಲಿ, ಸಮೀಕ್ಷೆ, ಇನ್ನೇನೇನೋ ಕೆಲಸವನ್ನೂ ಹೊರಿಸುತ್ತಾರೆ. ಶಾಲೆಯ ಎಸ್‌ಡಿಎಂಸಿ ಸಭೆಗೆ ಇವರನ್ನು ಕರೆಯುವ ಪದ್ಧತಿ ಇಲ್ಲ. ಇವರ ಪಟ್ಟಿ ಒಂದು ಕಡೆ, ಶಾಲೆಯ ದಾಖಲೆ ಇನ್ನೊಂದು ಕಡೆ, ಅಂಗನವಾಡಿಯದು ಮತ್ತೊಂದು ಕಡೆ. ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ತಾಳೆ ನೋಡಿದರೆ ಯಾವ ಹೆಸರು ಎಲ್ಲಿ ಕಳೆದುಹೋಗಿದೆ ಎಂದು ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ಹಣವೂ ಇದೆ. ಪಂಚಾಯಿತಿ ತನ್ನ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಅದು ಹೆಚ್ಚಾಗಿ ಹೊದಿಕೆ, ಕುರ್ಚಿ, ನೀರಿನ ಫಿಲ್ಟರು ಹಂಚಿ ಫೋಟೊ ತೆಗೆಸುವಲ್ಲಿ ಮುಗಿಯುತ್ತದೆ. ಹಂಚುವುದು ಸುಲಭ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಕ್ಕಂತಾಗುತ್ತದೆ, ಜಗಳವಿಲ್ಲ. ಹಾಗೆಂದು ಹೊದಿಕೆ ಪಡೆದವರನ್ನು ಹಂಗಿಸಲಾರೆ, ಚಳಿ ಯಾರಿಗೂ ತಪ್ಪಿದ್ದಲ್ಲ. ಆದರೆ ಒಂದು ವರ್ಷದ ಆ ಹಣದಲ್ಲಿ ಶಾಲೆಯ ಏಳಡಿಯ ಇಳಿಜಾರನ್ನು ಒಡೆಸಿ 24 ಅಡಿ ಮಾಡಿಸಬಹುದು, ಇನ್ನೊಂದು ವರ್ಷದ್ದರಲ್ಲಿ ಶೌಚಾಲಯದ ಬಾಗಿಲು ಅಗಲ ಮಾಡಿಸಿ ಕಂಬಿ ಹಾಕಿಸಬಹುದು. ಹೊದಿಕೆ ಎರಡು ಚಳಿಗಾಲಕ್ಕೆ ಹರಿಯುತ್ತದೆ. ಇಳಿಜಾರು ಇನ್ನೂ ಹುಟ್ಟದ ಮಕ್ಕಳಿಗೂ ಸಿಗುತ್ತದೆ, ಮತದಾನದ ದಿನ ಊರಿನ ಮುದುಕರಿಗೂ.

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಿನ ಓದುಗರಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಯ ಡಂಗುರ ಕೇಳಿದಾಗ ಹೋಗಿ, ಈಗ ಅಂಗವಿಕಲರ ವಿಶೇಷ ಗ್ರಾಮಸಭೆ ನಡೆಸುವ ಪದ್ಧತಿಯೂ ಬಂದಿದೆ, ಅದಕ್ಕೂ ಹೋಗಿ. ಕಳೆದ ವರ್ಷದ ಶೇ 5ರ ಹಣ ಎಷ್ಟಿತ್ತು, ಯಾವುದಕ್ಕೆ ಹೋಯಿತು ಎಂದು ಕೇಳಿ. ವಿಆರ್‌ಡಬ್ಲ್ಯೂ ಪಟ್ಟಿಯಲ್ಲಿರುವ ಆರರಿಂದ ಹದಿನೆಂಟು ವರ್ಷದ ಮಕ್ಕಳಲ್ಲಿ ಈ ವಾರ ಶಾಲೆಯಲ್ಲಿ ಕೂತವರೆಷ್ಟು ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಹೋಗುವಾಗ ಒಂದು ಟೇಪು ಒಯ್ದು, ಶಾಲೆಯ ಜಗುಲಿಯ ಎತ್ತರವನ್ನೂ ಇಳಿಜಾರಿನ ಉದ್ದವನ್ನೂ ಅಳೆದುಕೊಂಡೇ ಸಭೆಗೆ ಕೂತರೆ ಇನ್ನೂ ಒಳ್ಳೆಯದು. ಉತ್ತರ ಬಂದ ಮೇಲೆ ಎದ್ದು ಬರಬೇಡಿ. ಪಿಡಿಒ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಓದಿ ಹೇಳುವವರೆಗೆ ಅಲ್ಲೇ ಕೂತಿರಿ.